ಕತ್ತರಿಗೆ ಸಿಕ್ಕ ಕಾಗದ

ಜೂನ್ ೪

ಗುಂಡೀ,

ಇಲ್ಲಿ ನಾವು ಇದ್ದ ಹಾಗೇ ಇದ್ದೇವೆ. ನೀನು ಹೇಗಿದ್ದೀಯೋ ಅದನ್ನು ಮುಚ್ಚಿಡದೆ ಬರೆ.

ನಿನ್ನ ಹೋದ ಸಲದ ಕಾಗದ ಕಾಜಕ್ಕನ ಮನೆಗೆ ಬಂತು. ಅವಳು ಅಂಗಡಿಗೆ ಕೆಲಸಕ್ಕೆ ಬರುವಾಗ ಅದನ್ನು ಕೋಟಿನ ಅಸ್ತರಿನೊಳಗೆ ಸೇರಿಸಿಕೊಂಡು, ಕಾಜಾ ಹೊಲಿಯಲು ದಾರ ಬೇಕೆಂಬ ನೆಪ ಹೇಳಿ ಅಡಿಗೆಮನೆಗೆ ನುಗ್ಗಿ, ನನ್ನ ಕೈಗೆ ತುರುಕಿ ಹೋದಳು. ಈ ವಯಸ್ಸಿನಲ್ಲಿ ಮಗಳ ಕಾಗದವನ್ನು ಪ್ರೇಮಪತ್ರದ ಹಾಗೆ ಬಚ್ಚಿಡುವ ಹಣೆಬರಹ ನನ್ನದು. ಫೋನು ಮಾಡೋಣವೆಂದರೆ ಅದು ಅಂಗಡಿಯಲ್ಲಿ, ನಿಮ್ಮಪ್ಪನ ಕತ್ತರಿಯ ಪಕ್ಕದಲ್ಲೇ ಕೂತಿದೆ.

ಅವರ ಕೋಪ ಎಂದಿನಂತೆ ಮೂಗಿನ ತುದಿಯಲ್ಲೇ ಇದೆ. ಮೊನ್ನೆ ಗಿರಾಕಿಯೊಬ್ಬರು ರೆಡಿಮೇಡ್ ಕೋಟು ತಂದು, ತೋಳು ಉದ್ದವಾಯಿತು, ಸ್ವಲ್ಪ ಕಡಿಮೆ ಮಾಡಿಕೊಡಿ ಎಂದರು. "ಎಲ್ಲಿ ತಗೊಂಡ್ರೋ ಅಲ್ಲೇ ಹೋಗಿ ಕೈ ಉದ್ದ ಮಾಡಿಸ್ಕೊಳ್ಳಿ" ಎಂದು ಕಳಿಸಿದರು. ನೀನು ಆ ರೆಡಿಮೇಡ್ ಕಾರ್ಖಾನೆಗೆ ಸೇರಿದಂದಿನಿಂದ ಅಂಥ ಕೋಟು ಕಂಡರೆ ಅವರಿಗೆ ಮೈಯೆಲ್ಲ ಉರಿ. ನಿನ್ನ ಹೆಸರನ್ನಂತೂ ಬಾಯಿಗೆ ತರುವುದಿಲ್ಲ. ನಾನು ತಂದರೆ ಎದ್ದು ಹೋಗುತ್ತಾರೆ.

ಇನ್ನೊಂದು ವಿಷಯ. ಹೋದ ವಾರ ಮೇಲಿನ ಹಲಗೆಯಿಂದ ಬಟ್ಟೆಯ ಥಾನು ಇಳಿಸಲು ಸ್ಟೂಲು ಹತ್ತಿದವರು ಜಾರಿ ಬಿದ್ದರು. ತಲೆ ಮೇಜಿನ ಅಂಚಿಗೆ ಬಡಿಯಿತು. ರಕ್ತ ಬರಲಿಲ್ಲ, ನಿಂಬೆಹಣ್ಣಿನಷ್ಟು ಊದಿತು, ಅಷ್ಟೆ. ಬಿದ್ದವರೇ ಎದ್ದು, ಥಾನು ಮಣ್ಣಾಯಿತೆಂದು ಕಾಜಕ್ಕನನ್ನು ಬೈದರು. ಡಾಕ್ಟರ ಹತ್ತಿರ ಹೋಗಿಬರೋಣ ಎಂದೆ. ನೋಡೋಣ ಎಂದರು.

ಈ ಮನೆಯಲ್ಲಿ ನೋಡೋಣ ಎಂದರೆ ಏನೆಂದು ನಿನಗೆ ಹೇಳಿಕೊಡಬೇಕಾಗಿಲ್ಲ. ಮದುವೆಯಾದ ಹೊಸತರಲ್ಲಿ ನಾನು ನಿಜವಾಗಿಯೂ ನೋಡುತ್ತಾರೆಂದು ಕಾಯುತ್ತಿದ್ದೆ. ಅಡಿಗೆಮನೆಗೆ ಒಂದು ಕಿಟಕಿ ಇಡಿಸಿ ಎಂದು ಆಗ ಕೇಳಿದ್ದೆ. ಆ ಕಿಟಕಿಯನ್ನು ಅವರು ಇನ್ನೂ ನೋಡುತ್ತಲೇ ಇದ್ದಾರೆ. ಬೇಡ ಎಂದರೆ ಜಗಳವಾದರೂ ಆಡಬಹುದು. ನೋಡೋಣ ಎಂದರೆ ಜಗಳವೂ ಇಲ್ಲ, ಕಿಟಕಿಯೂ ಇಲ್ಲ.

ಊತ ಇಳಿದಿದೆ. ತಲೆನೋವು ಎಂದಾಗ ಮುಲಾಮು ಹಚ್ಚುತ್ತೇನೆ. ಹೃದಯದ ಡಾಕ್ಟರು ಬರೆದುಕೊಟ್ಟ, ರಕ್ತ ತೆಳುವಾಗುವ ಮಾತ್ರೆ ತಪ್ಪದೆ ನುಂಗುತ್ತಿದ್ದಾರೆ. ನೀನು ಚಿಂತೆ ಮಾಡಬೇಡ.

ನಿನ್ನ ಅಮ್ಮ


ಜೂನ್ ೧೫

ಅಮ್ಮಾ,

ನಾನು ಮುಚ್ಚಿಡುವಂಥದ್ದು ಏನೂ ಇಲ್ಲ, ಚೆನ್ನಾಗಿದ್ದೇನೆ. ಉಳಿದುಕೊಂಡಿರುವ ಕೋಣೆಗೆ ಎರಡು ಕಿಟಕಿ ಇವೆ. ಒಂದನ್ನು ನಿನಗೆ ಕಳಿಸುವ ಹಾಗಿದ್ದರೆ ಕಳಿಸುತ್ತಿದ್ದೆ.

ಅಪ್ಪನ ತಲೆ ಈಗ ಹೇಗಿದೆ? ಅವರನ್ನೇ ಕೇಳಬೇಡ, ಚೆನ್ನಾಗಿದೆ ಎನ್ನುತ್ತಾರೆ. ನೀನೇ ನೋಡಿ ಬರೆ.

ಇಲ್ಲಿ ನನಗೆ ಕತ್ತರಿಸುವ ವಿಭಾಗದಲ್ಲೇ ಕೆಲಸ. ಬಟ್ಟೆಯನ್ನು ಒಂದರ ಮೇಲೊಂದು ಹಾಸಿ ಯಂತ್ರ ಹಾಯಿಸಿದರೆ ಅಷ್ಟೂ ಒಂದೇ ಸಲಕ್ಕೆ ಕತ್ತರಿಸಿಹೋಗುತ್ತದೆ. ಯಾರು ತೊಡುತ್ತಾರೆ, ಅವರ ಒಂದು ಭುಜ ಇಳಿದಿದೆಯೇ, ಗೂನು ಇದೆಯೇ, ಯಾರಿಗೂ ಬೇಕಿಲ್ಲ. ಗಿರಾಕಿ ಬಾಗಿಲಲ್ಲಿ ನಡೆದು ಬರುವುದನ್ನು ನೋಡಿಯೇ ಅಪ್ಪ ಅರ್ಧ ಅಳತೆ ಹಿಡಿಯುತ್ತಿದ್ದರಲ್ಲ, ಯಂತ್ರ ಹಾಯಿಸುವಾಗಲೆಲ್ಲ ಅದೇ ನೆನಪಾಗುತ್ತದೆ. ಆದರೂ ನಾನು ಇಲ್ಲಿಗೆ ಬಂದದ್ದು ತಪ್ಪೆಂದು ನನಗೆ ಅನಿಸುವುದಿಲ್ಲ. ಆ ಅಂಗಡಿಗೆ ಇಬ್ಬರು ಮಾಸ್ಟರು ಹಿಡಿಸುತ್ತಿರಲಿಲ್ಲ.

ನಿನಗೊಂದು ತಮಾಷೆ ಹೇಳಬೇಕು. ನಮ್ಮಲ್ಲಿ ಕೆಲಸಕ್ಕೆ ಹೊಸದಾಗಿ ಸೇರಿದವಳೊಬ್ಬಳು ಬಟ್ಟೆಯ ಕತ್ತರಿಯಿಂದ ಕಾಗದದ ಪೊಟ್ಟಣ ಕತ್ತರಿಸಿದಳು. ನಾನು ಎಲ್ಲಿದ್ದೆನೋ ಏನೋ, ಓಡಿಹೋಗಿ ಕಿರುಚಿಬಿಟ್ಟೆ. ಕಿರುಚಿದ್ದು ನನ್ನ ಬಾಯಿ, ದನಿ ಮಾತ್ರ ಅಪ್ಪನದು. ಚಿಕ್ಕವಳಿದ್ದಾಗ ನಾನು ಅವರ ದೊಡ್ಡ ಕತ್ತರಿಯಲ್ಲಿ ಬಣ್ಣದ ಕಾಗದ ಕತ್ತರಿಸಿ ನಕ್ಷತ್ರ ಮಾಡಿದ್ದೆ, ನಿನಗೆ ನೆನಪಿರಬೇಕು. ಅವರು ಹೊಡೆಯಲಿಲ್ಲ. ನನ್ನನ್ನು ಎದುರಿಗೆ ಕೂರಿಸಿಕೊಂಡು, ಕತ್ತರಿಯನ್ನು ಪೂರ್ತಿ ಸಾಣೆ ಹಿಡಿದು ಮುಗಿಸಿದರು. ಆಮೇಲೆ ಒಂದೇ ಮಾತು: "ಬಟ್ಟೆ ಮುಟ್ಟೋ ಕತ್ತರಿ ಕಾಗದ ಮುಟ್ಟಬಾರದು." ಪ್ರಾಣ ಹೋದರೂ ಎಂದು ಅವರು ಅನ್ನಲಿಲ್ಲ, ನಾನೇ ಸೇರಿಸಿಕೊಂಡೆ. ಇಲ್ಲೀಗ ಎಲ್ಲರೂ ನನ್ನನ್ನು ಮಾಸ್ಟರ್ ಎಂದು ರೇಗಿಸುತ್ತಾರೆ.

ಕಾಜಕ್ಕನಿಗೆ ನನ್ನ ನೆನಪು ಹೇಳು.

ನಿನ್ನ ಗುಂಡಿ


ಜುಲೈ ೨

ಗುಂಡೀ,

ಕೂತು ಓದು, ನಿಂತಿದ್ದರೆ ಬೀಳುತ್ತೀಯ. ನಿಮ್ಮಪ್ಪ ಆಯ್ತು ಎಂದರು.

ಹೋದ ಗುರುವಾರ ಊಟಕ್ಕೆ ಬಡಿಸುತ್ತಿದ್ದೆ. ಹೊಗೆ ಕಣ್ಣಿಗೆ ಬಂದು ಅಭ್ಯಾಸಬಲದಿಂದ, ಇಲ್ಲೊಂದು ಕಿಟಕಿ ಇದ್ದಿದ್ದರೆ ಎಂದು ಗೊಣಗಿದೆ. ಅವರು ತಟ್ಟೆ ನೋಡುತ್ತಲೇ ಆಯ್ತು ಎಂದರು. ಏನು ಆಯ್ತು ಎಂದು ಕೇಳಿದೆ. "ಕಿಟಕಿ. ಆಯ್ತು" ಎಂದರು. ನಾನು ಸೌಟು ಹಿಡಿದುಕೊಂಡು ಹಾಗೇ ನಿಂತೆ. ಮನಸ್ಸು ಬದಲಾಗುವ ಮೊದಲು ಗಾರೆಯವನನ್ನು ಕರೆಸಿದೆ. ಗೋಡೆ ಒಡೆದು ಧೂಳು ಅಂಗಡಿಗೆಲ್ಲ ಹಾರಿತು, ಗಿರಾಕಿಯ ಬಿಳಿ ಬಟ್ಟೆಯ ಮೇಲೂ ಕೂತಿತು. ಅವರು ಬೈಯಲೇ ಇಲ್ಲ. ನಾನೇ ಹೆದರಿ ಬಟ್ಟೆ ಕೊಡವಿದೆ.

ಈಗ ನನ್ನ ಅಡಿಗೆಮನೆಯಲ್ಲಿ ಬೆಳಕಿದೆ ಮಗಳೇ. ರಸ್ತೆಯ ತುದಿಯ ತನಕ ಕಾಣುತ್ತದೆ. ಯಾರು ಬಂದರು, ಯಾರು ಹೋದರು, ಎಲ್ಲ ನನಗೇ ಮೊದಲು ಗೊತ್ತಾಗುತ್ತದೆ.

ಅಷ್ಟೇ ಅಲ್ಲ, ಆ ಮನುಷ್ಯ ಪೂರ್ತಿ ಬದಲಾಗಿದ್ದಾರೆ. ಬೈಗುಳ ನಿಂತಿದೆ. ಮಧ್ಯಾಹ್ನ ಊಟ ಮಾಡಿ ಮಲಗುತ್ತಾರೆ, ನಾನು ಎಬ್ಬಿಸುವ ತನಕ ಮಗುವಿನ ಹಾಗೆ ನಿದ್ದೆ. ಹಗಲು ಮಲಗುವವರನ್ನು ಕಂಡರೆ ಆಗದವರು ಅವರು! ಮೊನ್ನೆ ಒಂದು ಕೋಟಿಗೆ ಎಡಭಾಗವನ್ನೇ ಎರಡು ಸಲ ಕತ್ತರಿಸಿಟ್ಟಿದ್ದರು. ಬಲಭಾಗವೇ ಇಲ್ಲ. ಕಾಜಕ್ಕ ನಡುಗುತ್ತ ತೋರಿಸಿದಳು, ಬೆಳಿಗ್ಗೆಯೇ ಗ್ರಹಚಾರ ಬಿಡಿಸುತ್ತಾರೆಂದು. ಅವರು ನೋಡಿ ಸುಮ್ಮನೆ ನಕ್ಕರು. ನಿನ್ನೆ ಬೀದಿಯಲ್ಲಿ ಎಡಗಾಲಿನ ಚಪ್ಪಲಿ ಬಿಟ್ಟು ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದರು. ನಾನು, ಕಾಜಕ್ಕ ನಕ್ಕೂ ನಕ್ಕೂ ಸುಸ್ತಾದೆವು. ವಯಸ್ಸಾಯಿತಲ್ಲ, ಮಾಗುತ್ತಿದ್ದಾರೆ ಎಂದಳು ಕಾಜಕ್ಕ. ಇಷ್ಟು ವರ್ಷ ಕಾಯಿಯಾಗಿದ್ದವರು ಈಗಲಾದರೂ ಮಾಗಲಿ ಎಂದೆ.

ತಲೆಯ ಊತ ಪೂರ್ತಿ ಹೋಗಿದೆ. ಬೆಳಿಗ್ಗೆ ಎದ್ದಾಗ ನೋವು ಅನ್ನುತ್ತಾರೆ, ಕನ್ನಡಕ ಬದಲಿಸಬೇಕು.

ನಾನು ತುಂಬ ಸಂತೋಷವಾಗಿದ್ದೇನೆ. ಹೀಗೆ ಬರೆದದ್ದು ಇದೇ ಮೊದಲು ಅನಿಸುತ್ತದೆ.

ಅಮ್ಮ


ಜುಲೈ ೧೦

ಅಮ್ಮಾ,

ನಿನ್ನ ಕಾಗದ ಮತ್ತೆ ಮತ್ತೆ ಓದಿದೆ. ಆ ಕಿಟಕಿಯ ಮುಂದೆ ನೀನು ನಿಂತಿರುವುದನ್ನು ನೆನೆದು ನಗು ಬಂತು, ಆಮೇಲೆ ಸ್ವಲ್ಪ ಹೊಟ್ಟೆಯುರಿಯೂ ಆಯಿತು. ನಾನು ಆ ಮನೆಯಲ್ಲಿದ್ದಾಗ ಅವರು ಯಾಕೆ ಮಾಗಲಿಲ್ಲ?

ಕನ್ನಡಕ ಬೇಗ ಬದಲಿಸಿ. ಎಡಭಾಗ ಎರಡು ಸಲ ಕತ್ತರಿಸಿದ್ದು ನನಗೆ ನಂಬಲಿಕ್ಕೇ ಆಗುತ್ತಿಲ್ಲ. ಆ ಕಣ್ಣಿಗೆ ಅಷ್ಟು ಮಂಜಾಗಿದೆಯೇ?

ಇಲ್ಲಿಂದ ಮುಂದೆ ಬರೆದದ್ದನ್ನು ಎರಡು ಸಲ ಹೊಡೆದುಹಾಕಿದ್ದೇನೆ. ಮೂರನೆಯ ಸಲ ಬರೆದೇಬಿಡುತ್ತೇನೆ. ನಾನು ಹೊರಟ ದಿನ ಅವರು ಹೇಳಿದ್ದು, "ಕತ್ತರಿ ಹಿಡಿಯೋಕೆ ನಾನು ಕಲಿಸಿದ ಕೈ ಯಂತ್ರದ ಗುಂಡಿ ಒತ್ತೋಕೆ ಹೋಯ್ತು. ಆ ಕೈ ಈ ಬಾಗಿಲು ತಟ್ಟೋದು ಬೇಡ" ಎಂದು. ನಾನೂ ಅವರ ಮಗಳೇ ತಾನೇ, ತಟ್ಟಲಿಲ್ಲ. ಹಟದಲ್ಲಿ ಯಾರೂ ಕಡಿಮೆ ಇರಲಿಲ್ಲ. ಆದರೆ ಅಮ್ಮಾ, ಒಂದು ದಿನವೂ ಆ ಮಾತು ನೆನಪಾಗದೆ ನಾನು ಕತ್ತರಿ ಮುಟ್ಟಿಲ್ಲ.

ಅವರು ಎಲ್ಲಕ್ಕೂ ಆಯ್ತು ಎನ್ನುತ್ತಿದ್ದರೆ, ಸಮಯ ನೋಡಿ, ಅವರ ಮನಸ್ಸು ಚೆನ್ನಾಗಿರುವಾಗ, ನನ್ನ ವಿಷಯವನ್ನೂ ಒಂದು ಸಲ ಕೇಳುತ್ತೀಯಾ? ಬೇಡ ಎಂದರೆ ನನಗೆ ಬರೆಯಬೇಡ.

ಗುಂಡಿ


ಜುಲೈ ೧೯

ಗುಂಡೀ ನನ್ನವ್ವಾ,

ಕೇಳಿದೆ. ಅವರು ಕಿಟಕಿಯ ಪಕ್ಕ ಕೂತು ಟೀ ಕುಡಿಯುತ್ತಿದ್ದರು. ಲೋಟ ಎಡಗೈಯಲ್ಲಿ ವಾಲಿ ಟೀ ಅಂಗಿಯ ಮೇಲೆ ಸುರಿಯುತ್ತಿತ್ತು, ಅವರಿಗೆ ಅದರ ಪರಿವೆಯೇ ಇಲ್ಲ. ಅಂಗಿ ಒರೆಸುತ್ತ ಒರೆಸುತ್ತಲೇ ಕೇಳಿದೆ, ಧೈರ್ಯ ಬರಲೆಂದು ಮುಖ ನೋಡದೆ ಕೇಳಿದೆ. "ಗುಂಡೀನ ಮನೆಗೆ ಬರೋಕೆ ಹೇಳ್ಲಾ?" ಎಂದೆ.

"ಆಯ್ತು" ಎಂದರು.

ತಪ್ಪು ಕೇಳಿಸಿಕೊಂಡೆನೋ ಎಂದು ಇನ್ನೊಮ್ಮೆ ಕೇಳಿದೆ. ಇನ್ನೊಮ್ಮೆಯೂ ಆಯ್ತು. ಅಂಗಿ ಒರೆಸಿದ ಬಟ್ಟೆಯಲ್ಲೇ ನಾನು ಕಣ್ಣು ಒರೆಸಿಕೊಂಡೆ. ನಾನು ಅಳುವುದನ್ನು ಕಂಡರೆ ಎದ್ದು ಹೋಗುವವರು, ಅಲ್ಲೇ ಕೂತಿದ್ದರು.

ಭಾನುವಾರ ಬೆಳಿಗ್ಗೆ ಅಂಗಡಿಯ ಫೋನಿಗೆ ಮಾಡು. ಬಚ್ಚಿಟ್ಟು ಬಚ್ಚಿಟ್ಟು ಸಾಕಾಗಿದೆ. ಅವರ ಕೈಗೇ ಕೊಡುತ್ತೇನೆ. ನೀನು ನಿನ್ನ ಹರಿತ ನಾಲಿಗೆಯನ್ನು ಸ್ವಲ್ಪ ಒರೆಯೊಳಗೆ ಇಟ್ಟುಕೋ, ಹಳೆಯದನ್ನು ಕೆದಕಬೇಡ. ಬರುವ ತಿಂಗಳು ರಜೆ ಹಾಕಿ ಬಂದುಬಿಡು. ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ.

ಅಮ್ಮ


ಜುಲೈ ೨೭

ಅಮ್ಮಾ,

ಭಾನುವಾರದಿಂದ ನೀನು ಫೋನು ಎತ್ತುತ್ತಿಲ್ಲ. ಅಂಚೆಗೆ ಹಾಕಿದರೆ ತಡವಾಗುತ್ತದೆಂದು ಬೆಳಗಿನ ಬಸ್ಸಿನ ಡ್ರೈವರ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ರಜೆ ಸಿಕ್ಕ ತಕ್ಷಣ ನಾನೂ ಹೊರಡುತ್ತೇನೆ, ನಾಳೆ ಅಲ್ಲಿರುತ್ತೇನೆ. ಆದರೆ ನನಗಾಗಿ ಕಾಯಬೇಡ. ಇದನ್ನು ಓದಿ ಮುಗಿಸಿದ ಕೂಡಲೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು.

ಅಪ್ಪನನ್ನು ಡಾಕ್ಟರಿಗೆ ತೋರಿಸು ಎಂದದ್ದಕ್ಕೆ ನೀನು ಫೋನಿನಲ್ಲಿ ಅಂದ ಮಾತು ಕಿವಿಯಲ್ಲೇ ಇದೆ. "ಮದುವೆ ಆದಾಗಿಂದ ಒಂದ್ಸಲ ಈ ಮನುಷ್ಯ ನನ್ನ ಮಾತಿಗೆ ಹೂಂ ಅಂದ್ರೆ, ನಿನಗೆ ಅದು ರೋಗವಾಗಿ ಕಾಣುತ್ತಾ?" ಎಂದು ಕೇಳಿ ಇಟ್ಟುಬಿಟ್ಟೆ. ನಾನು ಅವರ ಹತ್ತಿರ ಏನು ಮಾತಾಡಿದೆನೆಂದು ನಿನಗೆ ಹೇಳಲು ಆಗಲೇ ಇಲ್ಲ.

ಅಪ್ಪಾ ನಾನು ಎಂದೆ. ಆಯ್ತು ಎಂದರು. ಮನೆಗೆ ಬರಲೇ ಎಂದೆ. ಆಯ್ತು. ಅಲ್ಲಿಗೇ ಬಿಟ್ಟಿದ್ದರೆ ಈ ಜನ್ಮಕ್ಕೆ ಸಾಕಾಗುತ್ತಿತ್ತು. ಆದರೆ ಆ ದನಿ ಸರಿಯಿರಲಿಲ್ಲ. ಮಾತು ನಿಧಾನವಾಗಿ, ನಾಲಿಗೆ ದಪ್ಪವಾದವರ ಹಾಗೆ ಬರುತ್ತಿತ್ತು. ಅದರಲ್ಲಿ ಸಿಟ್ಟಿರಲಿಲ್ಲ ನಿಜ, ಪ್ರೀತಿಯೂ ಇರಲಿಲ್ಲ. ನಾನು ಬೇಕೆಂದೇ ಕೇಳಿದೆ: "ನಮ್ಮ ಕಾರ್ಖಾನೆ ಕೋಟು ಕಳಿಸ್ತೀನಿ ಅಪ್ಪಾ, ಅಂಗಡಿ ಮುಂದೆ ನೇತುಹಾಕಿ ಮಾರ್ತೀರಾ?"

"ಆಯ್ತು" ಎಂದರು.

ಅಮ್ಮಾ, ನೀನೇ ಹೇಳು. ನಮ್ಮಪ್ಪ ಇದಕ್ಕೆ ಆಯ್ತು ಎನ್ನುತ್ತಾರೆಯೇ? ನನ್ನನ್ನು ಕ್ಷಮಿಸಿದರೂ ಕ್ಷಮಿಸಬಹುದು, ಆ ಕೋಟನ್ನು ಕ್ಷಮಿಸುವವರಲ್ಲ.

ನಮ್ಮ ಕಾರ್ಖಾನೆಯ ಡಾಕ್ಟರ ಹತ್ತಿರ ಹೋಗಿ ನಿನ್ನ ಕಾಗದಗಳಲ್ಲಿದ್ದದ್ದನ್ನೆಲ್ಲ ಹೇಳಿದೆ. ಹಗಲು ನಿದ್ದೆ, ಬೆಳಗಿನ ತಲೆನೋವು, ಬಿದ್ದುಹೋದದ್ದು ಗೊತ್ತೇ ಆಗದ ಎಡಗಾಲಿನ ಚಪ್ಪಲಿ, ಎಡಗೈಯಲ್ಲಿ ವಾಲಿದ ಲೋಟ. ಅವರು ಮೊದಲು ಕೇಳಿದ್ದು, ತಲೆಗೆ ಏನಾದರೂ ಪೆಟ್ಟಾಗಿತ್ತೇ ಎಂದು. ಆಮೇಲೆ ಕೇಳಿದ್ದು ಆ ರಕ್ತ ತೆಳುವಾಗುವ ಮಾತ್ರೆಯ ವಿಷಯ. ಎರಡಕ್ಕೂ ಹೌದು ಎಂದೆ. ವಯಸ್ಸಾದವರಲ್ಲಿ, ಅದರಲ್ಲೂ ಆ ಮಾತ್ರೆ ತಗೊಳ್ಳುವವರಲ್ಲಿ, ಸಣ್ಣ ಪೆಟ್ಟಿಗೂ ತಲೆಬುರುಡೆಯ ಒಳಗೆ ರಕ್ತ ತೊಟ್ಟು ತೊಟ್ಟಾಗಿ ಸೋರಿ ವಾರಗಟ್ಟಲೆ ನಿಲ್ಲಬಹುದಂತೆ. ಹೊರಗೆ ಗಾಯ ಇರುವುದಿಲ್ಲವಂತೆ. ಊತ ಇಳಿದದ್ದು ಮೇಲಿನದು ಮಾತ್ರ. ಸ್ವಭಾವ ಬದಲಾದದ್ದೂ ಅದರ ಲಕ್ಷಣವೇ, ಕೂಡಲೇ ಸ್ಕ್ಯಾನ್ ಮಾಡಿಸಿ ಎಂದರು.

ನಾನು ಹೇಳಿದ್ದು ನಂಬಬೇಡ. ಒಂದು ಕೆಲಸ ಮಾಡು. ಅವರ ಮುಂದೆ ನಿಂತು, ಅವರ ದೊಡ್ಡ ಕತ್ತರಿ ಕೈಗೆ ತಗೊಂಡು, ಇದರಲ್ಲಿ ಕಾಗದ ಕತ್ತರಿಸಲಾ ಎಂದು ಕೇಳು. ಕೂಗಿದರೆ, ಕೊನೆಗೆ ನೋಡೋಣ ಎಂದರೂ, ನನ್ನನ್ನು ಎಷ್ಟು ಬೇಕಾದರೂ ಬೈ.

ನನಗೂ ಆ ಆಯ್ತು ಬೇಕಿತ್ತಮ್ಮಾ. ನಿನಗೆ ಕಿಟಕಿ ಬೇಕಿದ್ದದ್ದಕ್ಕಿಂತ ಹೆಚ್ಚು ಬೇಕಿತ್ತು.

ಗುಂಡಿ


ಜುಲೈ ೨೭, ಮಧ್ಯಾಹ್ನ

ಗುಂಡೀ,

ನೀನು ಬಸ್ಸಿಳಿಯುವಾಗ ಕಾಜಕ್ಕ ಇದನ್ನು ಕೊಡುತ್ತಾಳೆ. ನಾವು ದೊಡ್ಡಾಸ್ಪತ್ರೆಯಲ್ಲಿರುತ್ತೇವೆ. ಗಾಡಿ ಬರುವ ತನಕ ನಾಲ್ಕು ಸಾಲು ಬರೆಯುತ್ತೇನೆ, ಇಲ್ಲದಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ.

ಡ್ರೈವರು ಕಾಗದ ಕೊಟ್ಟಾಗ ಓದದೆ ಒಲೆಗೆ ಹಾಕಬೇಕೆಂದಿದ್ದೆ, ಅಷ್ಟು ಸಿಟ್ಟಿತ್ತು ನಿನ್ನ ಮೇಲೆ. ಓದಿದೆ. ಅಂಗಡಿಗೆ ಹೋದೆ. ಅವರು ಮೇಜಿನ ಮುಂದೆ ಕೂತು ಬರೀ ಗೋಡೆ ನೋಡುತ್ತಿದ್ದರು. ಕತ್ತರಿ ಎತ್ತಿಕೊಂಡೆ. ಇಷ್ಟು ವರ್ಷಗಳಲ್ಲಿ ನಾನು ಅದನ್ನು ಮುಟ್ಟಿದ್ದು ಇವತ್ತೇ ಮೊದಲು, ಅದು ಅಷ್ಟು ಭಾರವೆಂದು ಗೊತ್ತಿರಲಿಲ್ಲ. ಇದರಲ್ಲಿ ಕಾಗದ ಕತ್ತರಿಸಲಾ ಎಂದು ಕೇಳಿದೆ.

ಆಯ್ತು ಎಂದರು.

ಕೈಯಲ್ಲಿದ್ದದ್ದು ನಿನ್ನ ಕಾಗದವೇ. ಅಂಚು ಕತ್ತರಿಸಿದೆ. ನೋಡುತ್ತ ಕೂತರು. ಇನ್ನೊಂದು ಪಟ್ಟಿ ಕತ್ತರಿಸಿದೆ, ಇನ್ನೊಂದು. ಈಗ ಕೂಗುತ್ತಾರೆ, ಈಗ ನನ್ನ ಕೈ ಹಿಡಿದು ಕಿತ್ತುಕೊಳ್ಳುತ್ತಾರೆ ಎಂದು ಕಾಯುತ್ತ, ನಿನ್ನ ಕಾಗದವನ್ನೆಲ್ಲ ಚೂರು ಚೂರು ಮಾಡಿ ಅವರ ಮೇಜಿನ ಮೇಲೆ ಸುರಿದೆ. ಅವರು ಆ ಚೂರುಗಳನ್ನು ನೋಡಿ ನಕ್ಕರು.

"ಒಂದ್ಸಲ ಬೈರಿ ನನ್ನ" ಎಂದೆ.

"ಆಯ್ತು" ಎಂದರು.

ಆಮೇಲೆ ಬೈಯಲೇ ಇಲ್ಲ ಗುಂಡೀ. ನಾನು ಇವರ ಜೊತೆ ಬದುಕಿದವಳು, ಇವರು ಇಲ್ಲಿಲ್ಲ ಎಂದು ನನಗೆ ಯಾಕೆ ತಿಳಿಯಲಿಲ್ಲ? ಗಾಡಿ ಬಂತು.

ಅಮ್ಮ


ಆಗಸ್ಟ್ ೩೦

ಅಮ್ಮಾ,

ನಾನು ಬಂದು ತಲುಪಿದೆ. ಕೆಲಸಕ್ಕೂ ಹೋಗುತ್ತಿದ್ದೇನೆ. ನೀನು ಬಸ್ಸಿನವರೆಗೆ ಬರಲಿಲ್ಲವೆಂದು ಬೇಸರವಿಲ್ಲ, ಅವರನ್ನು ಒಬ್ಬರೇ ಬಿಟ್ಟು ಹೇಗೆ ಬರುತ್ತೀಯ?

ಆಸ್ಪತ್ರೆಯ ದಿನಗಳಲ್ಲಿ ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದೆವು, ಆದರೂ ಎಷ್ಟು ಕಡಿಮೆ ಮಾತಾಡಿದೆವು. ಬುರುಡೆಗೆ ತೂತು ಕೊರೆದು ರಕ್ತ ತೆಗೆಯಬೇಕು ಎಂದು ಡಾಕ್ಟರು ಹೇಳಿದಾಗ ನೀನು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದೆಯೆಂದರೆ ಬಳೆ ಒತ್ತಿ ಗುರುತಾಗಿತ್ತು. ಮತ್ತೆ ರಕ್ತ ತುಂಬಿತು, ಇನ್ನೊಮ್ಮೆ ತೆಗೆಯಬೇಕು ಎಂದಾಗ ನೀನು ಹಿಡಿಯಲೇ ಇಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಅವರು ಕಣ್ಣು ಬಿಟ್ಟ ದಿನದ ವಿಷಯ ನೀನು ಇನ್ನೂ ಮನಸ್ಸಿಗೆ ಹಚ್ಚಿಕೊಂಡಿದ್ದೀಯೆಂದು ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಮಂಚದ ಪಕ್ಕದಲ್ಲಿದ್ದೆ. ಅವರು ನನ್ನನ್ನು ಚೆನ್ನಾಗಿಯೇ ನೋಡಿದರು, ಮೇಲಿನಿಂದ ಕೆಳಗಿನ ತನಕ, ಅಳತೆ ತೆಗೆಯುವ ಹಾಗೆ. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದರು. ಡಾಕ್ಟರು, ಇವರು ಯಾರು ಹೇಳಿ ಎಂದು ಕೇಳಿದರು. ಇನ್ನೂ ಗುರುತು ಸಿಗುತ್ತಿಲ್ಲ ಎಂದು ಡಾಕ್ಟರು ಬರೆದುಕೊಳ್ಳಲು ಹೊರಟಾಗ ನಾನು ತಡೆದೆ. "ಚೆನ್ನಾಗೇ ಸಿಕ್ಕಿದೆ ಡಾಕ್ಟ್ರೇ. ಅದಕ್ಕೇ ಆ ಕಡೆ ತಿರುಗಿದ್ದು" ಎಂದೆ. ನಾನು ನಗುತ್ತಿದ್ದೆನಾ ಅಳುತ್ತಿದ್ದೆನಾ ಎಂದು ನೀನು ಆಮೇಲೆ ಕೇಳಿದೆ. ಎರಡೂ. ಎಲ್ಲಕ್ಕೂ ಆಯ್ತು ಎನ್ನುತ್ತಿದ್ದವರು ಹೋಗಿ ನಮ್ಮಪ್ಪ ವಾಪಸ್ಸು ಬಂದಿದ್ದರು. ಬಂದವರಿಗೆ ನಾನು ಬೇಕಿರಲಿಲ್ಲ.

ಅವರಿಗೆ ಉದ್ವೇಗ ಆಗಬಾರದು ಎಂದು ಡಾಕ್ಟರು ಹೇಳಿದ್ದರಿಂದ ಅವತ್ತೇ ಹೊರಟೆ. ಹಟದಿಂದಲ್ಲ. ಇದನ್ನು ನೀನು ನಂಬಬೇಕು.

ಎಡಗೈಗೆ ಡಾಕ್ಟರು ಹೇಳುವ ಕಸರತ್ತು ಬಿಡದೆ ಮಾಡಿಸು.

ಗುಂಡಿ


ಸೆಪ್ಟೆಂಬರ್ ೧೬

ಗುಂಡೀ,

ಮನೆಗೆ ಕರೆತಂದಿದ್ದೇವೆ. ನಡೆಯುತ್ತಾರೆ, ಮಾತು ಸ್ಪಷ್ಟವಾಗಿದೆ, ಊಟ ಸರಿಯಿಲ್ಲವೆಂದು ಬೈಯುತ್ತಾರೆ. ಎಡಗೈ ಮಾತ್ರ ಬಂದಿಲ್ಲ. ಅಲುಗುತ್ತದೆ, ಹಿಡಿಯುವುದಿಲ್ಲ. ಸ್ವಲ್ಪ ಮೊದಲೇ ಕರೆತಂದಿದ್ದರೆ ಎಂದು ಡಾಕ್ಟರು ಮಾತು ಶುರು ಮಾಡಿ, ನನ್ನ ಮುಖ ನೋಡಿ, ಅರ್ಧಕ್ಕೇ ನಿಲ್ಲಿಸಿದರು. ಉಳಿದರ್ಧವನ್ನು ನಾನು ದಿನಾ ಕೇಳಿಸಿಕೊಳ್ಳುತ್ತಿದ್ದೇನೆ.

ಬಿದ್ದ ದಿನದಿಂದ ಆಸ್ಪತ್ರೆಯ ತನಕ ನಡೆದದ್ದು ಯಾವುದೂ ಅವರಿಗೆ ನೆನಪಿಲ್ಲ. ಬಂದ ದಿನ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಗೋಡೆ ಒಡೆಸಲು ಯಾರನ್ನು ಕೇಳಿದೆ ಎಂದರು. ನಿಮ್ಮನ್ನೇ ಎಂದೆ. ನಾನು ಹೂಂ ಅಂದೆನಾ ಎಂದು ಕೇಳಿದರು, ಇಷ್ಟು ಅಗಲ ಕಣ್ಣು ಬಿಟ್ಟುಕೊಂಡು.

ಯಾರಿಗೂ ಹೇಳದ ಮಾತೊಂದನ್ನು ನಿನಗೆ ಹೇಳುತ್ತೇನೆ, ಓದಿ ಹರಿದುಹಾಕು. ಆ ದಿನಗಳಲ್ಲಿ ನಾನು ಸುಖವಾಗಿದ್ದೆ. ಬೆಳಿಗ್ಗೆ ಎದ್ದರೆ ಹೆದರಿಕೆ ಇರಲಿಲ್ಲ. ನಾನು ಹೇಳಿದ್ದಕ್ಕೆಲ್ಲ ಒಬ್ಬರು ತಲೆದೂಗುತ್ತಿದ್ದರು. ಗಂಡನೆಂದರೆ ಇಷ್ಟೇ, ಇಷ್ಟಾದರೆ ಸಾಕು, ನನಗೂ ಕೊನೆಗೆ ಸಿಕ್ಕಿತು ಅಂದುಕೊಂಡಿದ್ದೆ. ಅದು ಅವರ ತಲೆಯೊಳಗೆ ನಿಂತ ರಕ್ತವಾಗಿತ್ತು. ಕೊರೆದು ತೆಗೆದರು. ತೆಗೆದದ್ದು ಒಳ್ಳೆಯದೇ ಆಯಿತು, ದೇವರಾಣೆಗೂ ಒಳ್ಳೆಯದೇ ಆಯಿತು. ಆದರೂ ಆ ಕೆಲವು ದಿನಗಳು ನನ್ನವಾಗಿದ್ದವು, ಅವುಗಳಿಗಾಗಿ ಯಾರ ಮುಂದೆ ಅಳಲಿ ಹೇಳು?

ಅಮ್ಮ


ಅಕ್ಟೋಬರ್ ೯

ಗುಂಡೀ,

ನಿನ್ನೆ ಅವರು ಅಂಗಡಿಯ ಬಾಗಿಲು ತೆಗೆಸಿದರು. ಮೇಜಿನ ಧೂಳು ಒರೆಸಿಸಿ, ಬಟ್ಟೆ ಹಾಸಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಬಲಗೈ ಮೊದಲಿನಂತೆಯೇ ಇದೆ, ಗೆರೆ ಒಂದು ಚೂರೂ ಅಲುಗಲಿಲ್ಲ. ಆಮೇಲೆ ಎಡಗೈಯನ್ನು ಬಲಗೈಯಿಂದಲೇ ಎತ್ತಿ ಬಟ್ಟೆಯ ಮೇಲಿಟ್ಟು ಕತ್ತರಿ ತಗೊಂಡರು. ನಾನು, ಕಾಜಕ್ಕ ಉಸಿರು ಹಿಡಿದು ನಿಂತಿದ್ದೆವು. ಬಟ್ಟೆ ಜಾರಿತು. ಕೈ ಅದನ್ನು ಒತ್ತಿ ಹಿಡಿಯಲಿಲ್ಲ. ಇನ್ನೊಮ್ಮೆ ಇಟ್ಟರು, ಇನ್ನೊಮ್ಮೆ ಜಾರಿತು. ಮೂರನೆಯ ಸಲ ಹೇಗೋ ಒಮ್ಮೆ ಕತ್ತರಿ ಹಾಕಿದರು.

ಹಾಕಿದವರೇ ನಿಂತುಬಿಟ್ಟರು. ಕತ್ತರಿಯನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಅಲಗು ಸವರಿದರು.

"ಯಾರು ಇದ್ರಲ್ಲಿ ಕಾಗದ ಕತ್ತರಿಸಿದ್ದು?"

ಬೀದಿಯಲ್ಲಿ ಹೋಗುವವರು ತಿರುಗಿ ನೋಡಿದರು. ಕಾಜಕ್ಕ ಬೆರಳಿಗೆ ಸೂಜಿ ಚುಚ್ಚಿಕೊಂಡಳು. ನನಗೆ ಮಾತ್ರ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಅವತ್ತು ನಾನು ಕಾದು ಕಾದು ಕೇಳಿಸದೆ ಹೋದ ಕೂಗು ಇದೇ ತಾನೇ.

ನಾನೇ ಎಂದೆ. ಕೂರಿಸಿ ಎಲ್ಲ ಹೇಳಿದೆ. ನೀನು ಫೋನು ಮಾಡಿದ್ದು, ಕಾರ್ಖಾನೆಯ ಕೋಟಿಗೂ ಅವರು ಆಯ್ತು ಎಂದದ್ದು, ಆ ಒಂದು ಮಾತಿನಿಂದ ನಿನಗೆ ಅನುಮಾನ ಬಂದದ್ದು, ನನಗೆ ನಂಬಿಕೆ ಬರಲೆಂದು ಕತ್ತರಿಯಿಂದ ಕಾಗದ ಕತ್ತರಿಸಲು ನೀನೇ ಹೇಳಿದ್ದು. ಅದಿಲ್ಲದಿದ್ದರೆ ನಾನು ಕಿ​ಟಕಿಯಲ್ಲಿ ರಸ್ತೆ ನೋಡುತ್ತ ನಿಂತಿರುತ್ತಿದ್ದೆ, ಅವರು ನಿದ್ದೆಯಲ್ಲೇ ಹೋಗಿಬಿಟ್ಟಿರುತ್ತಿದ್ದರು ಎಂದೂ ಹೇಳಿದೆ. ಎಲ್ಲ ಮುಗಿದ ಮೇಲೆ, "ಕಾಗದಕ್ಕೆ ನಾನು ಹೂಂ ಅನ್ನಲ್ಲ ಅಂತ ಅಷ್ಟು ಗೊತ್ತಾ ಅವಳಿಗೆ" ಎಂದರು. ನನ್ನನ್ನು ಕೇಳಿದ್ದೋ ತಾವೇ ಅಂದುಕೊಂಡದ್ದೋ ತಿಳಿಯಲಿಲ್ಲ.

ಕತ್ತರಿ ಸಾಣೆಗೆ ಕಳಿಸಲಾ ಎಂದು ಕೇಳಿದೆ. ಇನ್ನು ಯಾತಕ್ಕೆ ಎಂದು ಅದನ್ನು ಒಂದು ತುಂಡು ಬಟ್ಟೆಯಲ್ಲಿ ಸುತ್ತಲು ಹೊರಟರು. ಒಂದೇ ಕೈಯಲ್ಲಿ ಸುತ್ತಲಾಗಲಿಲ್ಲ. ನಾನು ಸಹಾಯಕ್ಕೆ ಹೋಗಲಿಲ್ಲ, ಅವರು ಸುತ್ತಿ ಮುಗಿಸುವ ತನಕ ಕಾದೆ. ನೀನು ಇದ್ದಿದ್ದರೂ ಹೋಗುತ್ತಿರಲಿಲ್ಲ ಎಂದು ನನಗೆ ಗೊತ್ತು. ಆಮೇಲೆ ಅದನ್ನು ಮೇಜಿನ ಖಾನೆಗೆ ಹಾಕಿದರು. ಅಲ್ಲಿಗೆ ಅವರ ಕೆಲಸ ಮುಗಿಯಿತು.

ಸಂಜೆ ಟೀ ಕೊಡುವಾಗ ಕೇಳಿದೆ. ಈ ಸಲ ಮುಖ ನೋಡಿಯೇ ಕೇಳಿದೆ. "ಗುಂಡೀನ ಬರೋಕೆ ಹೇಳ್ಲಾ?"

ಲೋಟ ಬಲಗೈಯಲ್ಲಿ ಹಿಡಿದು, ಒಂದು ಗುಟುಕು ಕುಡಿದರು. ಆಮೇಲೆ ಹೇಳಿದರು.

"ನೋಡೋಣ."

ನಿನಗೆ ಸುಳ್ಳು ಬರೆಯುವುದಿಲ್ಲ. ಅದರ ಅರ್ಥ ಈ ಮನೆಯಲ್ಲಿ ಏನೆಂದು ನಿನಗೂ ಗೊತ್ತು, ನನಗೂ ಗೊತ್ತು. ಆದರೆ ಅಂದವರು ನಿಮ್ಮಪ್ಪನೇ. ಆ ಆಯ್ತುವಿನ ಹಾಗಲ್ಲ.

ಅವರು ಟೀ ಮುಗಿಸಿ, ಕಿಟಕಿಯಿಂದ ಧೂಳು ಬರುತ್ತದೆ, ನಾಳೆ ಗಾರೆಯವನನ್ನು ಕರೆಸಿ ಮುಚ್ಚಿಸು ಎಂದರು. ನಾನು ಲೋಟ ತಗೊಂಡು ಒಳಗೆ ಹೋಗುತ್ತ ನೋಡೋಣ ಎಂದೆ.

ಕಿಟಕಿ ಇದೆ ಮಗಳೇ. ಅದರಲ್ಲಿ ನಿಂತರೆ ನಿನ್ನ ಬಸ್ಸು ನಿಲ್ಲುವ ಜಾಗ ಕಾಣುತ್ತದೆ.

ಅಮ್ಮ